ಕರು ಕುಡಿದ ಹಾಲು, ನಾವು ಕಂಡ ಬಿಸಿಲು

ಬೀದಿಯಲ್ಲಿ ಲಾರಿಗಳ ಓಡಾಟ ಶುರುವಾದರೆ ಮೇಜು ನಡುಗುತ್ತದೆ. ಅದಕ್ಕೇ ಇನ್ನೂ ಬೆಳಕು ಹರಿಯುವ ಮೊದಲೇ ಎಲ್ಲರೂ ಹಲ್ಲಕ್ಕ ಎಂದೇ ಕರೆಯುವ ಇವರು ಪ್ರಯೋಗಾಲಯದ ಬೀಗ ತೆಗೆಯುತ್ತಾರೆ. ಕಣ್ಣಿಗೆ ಭೂತಗನ್ನಡಿ, ಮೂಗಿಗೆ ಬಟ್ಟೆ, ಕೈಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಇರುವಂಥದ್ದೇ ಸಣ್ಣ ಡ್ರಿಲ್ಲು. ಎದುರಿಗಿರುವ ರೋಗಿ ಒಂದು ಕಾಡುಹಸು. ಬಾಯಿ ತೆಗಿ ಎಂದು ಹೇಳುವ ತಾಪತ್ರಯವಿಲ್ಲ. ಅದು ಸತ್ತು ಮೂವತ್ತು ಸಾವಿರ ವರ್ಷವಾಗಿದೆ. ಇಷ್ಟು ವರ್ಷದ ಸೇವೆಯಲ್ಲಿ ಒಂದು ಪ್ರಾಣಿಯೂ ನೋವು ಅಂತ ಕಿರುಚಿಲ್ಲ.

ಹಳೆಯ ಹಲ್ಲಿನ ಮೇಲ್ಪದರವನ್ನು ತುದಿಯಿಂದ ಬುಡದವರೆಗೆ ಗೆರೆ ಗೆರೆಯಾಗಿ ಕೊರೆದು ಪುಡಿ ತೆಗೆಯುವುದು ಅವರ ಕೆಲಸ. ಹಲ್ಲು ತುದಿಯಿಂದ ಬುಡಕ್ಕೆ ಬೆಳೆಯುವುದರಿಂದ ಒಂದೊಂದು ಗೆರೆಯೂ ಆ ಪ್ರಾಣಿ ಕಂಡ ಒಂದೊಂದು ಕಾಲ. ಒಂದು ಗೆರೆಗೆ ಸಿಗುವುದು ಚಿಟಿಕೆ ಉಪ್ಪಿಗಿಂತ ಕಮ್ಮಿ. "ಜೋರಾಗಿ ಉಸಿರು ಬಿಟ್ರೆ ಒಂದು ಚಳಿಗಾಲಾನೇ ಹಾರೋಗುತ್ತೆ," ಎನ್ನುತ್ತಾರೆ. ದಿನಕ್ಕೆ ಒಂದು ಹಲ್ಲು ಮುಗಿದರೆ ದೊಡ್ಡ ಮಾತು. ಸಂಜೆಗೆ ಬೆರಳು ಜೋಮು ಹಿಡಿದು ಲೋಟ ಜಾರುತ್ತದೆ.

ಪುಡಿಯಲ್ಲಿ ಅಂಥದ್ದೇನಿದೆ? "ನೀರಲ್ಲಿರೋ ಆಮ್ಲಜನಕದಲ್ಲಿ ಹಗೂರದ್ದು, ಭಾರದ್ದು ಅಂತ ಇರುತ್ತೆ. ಬಿಸಿಲು ಏರಿದ್ರೆ ಹಗೂರದ್ದು ಮೊದ್ಲು ಆವಿಯಾಗಿ ಕಾಲ್ಕೀಳುತ್ತೆ, ಭಾರದ್ದು ಕೆರೇಲೇ ಕೂತಿರುತ್ತೆ. ಆ ನೀರು ಕುಡಿದ ಪ್ರಾಣಿ ಹಲ್ಲಲ್ಲಿ ಅದೇ ಲೆಕ್ಕ ಉಳಿಯುತ್ತೆ."

ಮೊದಲು ಅವರು ಹಲ್ಲುಸೆಟ್ಟು ಮಾಡುವ ಅಂಗಡಿಯಲ್ಲಿದ್ದರು. ಅತ್ತೆಯ ಬಾಯಲ್ಲಿರುವುದು ಇವರ ಕೈಕೆಲಸವೇ. ಅತ್ತೆಗೆ ಸೊಸೆಯ ಮೇಲೆ ಎಷ್ಟು ಕೋಪ ಬಂದರೂ ಹಲ್ಲು ಕಡಿಯುವಾಗ ಸ್ವಲ್ಪ ನೋಡಿಕೊಂಡು ಕಡಿಯುತ್ತಾರೆ.

ಎರಡು ವರ್ಷದ ಹಿಂದೆ ಹಲ್ಲಕ್ಕ ಕೊರೆದ ಒಂದು ಬಿಡಿ ಹಲ್ಲು ಪ್ರಯೋಗಾಲಯಕ್ಕೆ ಹೆಸರು ತಂದಿತು. ಭಾರದ ಆಮ್ಲಜನಕ ಕಂಡಾಪಟ್ಟೆ. ಆ ಕಾಲದಲ್ಲಿ ಭೂಮಿ ಬಾಣಲೆಯಂತೆ ಕಾದಿತ್ತು ಎಂದು ಡೈರೆಕ್ಟರು ಬರೆದರು. ಅದಕ್ಕೆ 'ಬೆಂಕಿ ಬೇಸಿಗೆ' ಎಂಬ ಹೆಸರಾಯಿತು. ಕಾರಿಡಾರಿನ ಗೋಡೆ ತುಂಬ ಕೆಂಪು ಆಕಾಶ, ನಾಲಿಗೆ ಚಾಚಿದ ಹಸುಗಳ ಚಿತ್ರ ಬಂತು. 'ಬೆಂಕಿ ಬೇಸಿಗೆಯನ್ನು ಹಿಡಿದ ಕೈ' ಎಂದು ನಮ್ಮ ಪತ್ರಿಕೆಯ ಈ ಪುರವಣಿಗೆ ಅವರ ಹೆಸರು ಸೂಚಿಸಿದವರೂ ಡೈರೆಕ್ಟರೇ.

ಈಗ ಹಲ್ಲಕ್ಕ ಆ ಕಾರಿಡಾರಿನಲ್ಲಿ ಓಡಾಡುವುದಿಲ್ಲ. ಹಿಂದಿನ ಮೆಟ್ಟಿಲು ಹತ್ತಿ ಬರುತ್ತಾರೆ.

ಕಾರಣ, ಕಳೆದ ವಾರ ಬಂದ ಒಂದು ದವಡೆ. ಆ ಬಿಡಿ ಹಲ್ಲು ಸಿಕ್ಕ ಗುಂಡಿಯಲ್ಲೇ ಅಗೆದು ತೆಗೆದದ್ದು. ಅದರಲ್ಲಿ ಕೊನೆಯ ದವಡೆಹಲ್ಲು ತನ್ನ ಜಾಗದಲ್ಲಿತ್ತು, ಮೊದಲನೆಯದರ ಗುಳಿ ಖಾಲಿ. ಸುಮ್ಮನೆ ಇರಲಾರದೆ ಅವರು ಹೆಸರುವಾಸಿ ಹಲ್ಲನ್ನು ತಂದು ಆ ಗುಳಿಗೆ ಇಟ್ಟರು. ಟಕ್ ಎಂದು ಕೂತಿತು.

ಕೊನೆಯ ದವಡೆಹಲ್ಲಿಗೆ ಹಿಂದೆ ಒಂದು ಉಬ್ಬು ಹೆಚ್ಚಿರುತ್ತದೆ. ಬಿಡಿ ಹಲ್ಲಿನ ಹಿಂಭಾಗ ಮುರಿದಿತ್ತು. ಉಬ್ಬು ಮುರಿದುಹೋಗಿದೆ ಎಂದುಕೊಂಡು ಇವರು ಅದನ್ನು ಕೊನೆಯದು ಎಂದು ವಿಂಗಡಿಸಿದ್ದರು. ಅಸಲಿಗೆ ಅಲ್ಲಿ ಉಬ್ಬು ಇರಲೇ ಇಲ್ಲ, ಅದು ಮೊದಲನೆಯ ಹಲ್ಲು.

"ಮೊದಲ್ನೇ ಹಲ್ಲು ಬೆಳೆಯೋದು ಕರು ಹಾಲು ಕುಡಿಯೋ ಕಾಲಕ್ಕೆ. ತಾಯಿ ಮೈಯಿಂದ ಹಗೂರದ್ದು ಉಸಿರಲ್ಲಿ ಹೋಗಿ, ಹಾಲಲ್ಲಿ ಭಾರದ್ದು ಜಾಸ್ತಿ ಇರುತ್ತೆ. ಹೊಸ್ದಾಗಿ ಕೆಲಸಕ್ಕೆ ಬಂದ ಹುಡುಗರಿಗೂ ಪಾಠ ಮಾಡಿದ್ದೆ ಇದನ್ನ. ಹಾಲನ್ನ ಬಿಸಿಲು ಅಂತ ಬರೆಸ್ಬಿಟ್ಟೆ." ಇಷ್ಟು ಹೇಳಿ ಅವರು ಭೂತಗನ್ನಡಿಯನ್ನು ವಿನಾಕಾರಣ ಒರೆಸುತ್ತಾರೆ.

ಮೂರು ದಿನ ಬಾಯಿ ಬಿಡಲಿಲ್ಲ. ಊಟವೂ ಸೇರಲಿಲ್ಲ. ಅತ್ತೆಗೆ ವಿಷಯ ತಿಳಿಯಿತು.

"ಹಸು ಏನಾದ್ರೂ ದೂರು ಕೊಟ್ಟಿದ್ಯೇನೇ?"

"ಇಲ್ಲ ಅತ್ತೆ. ಆದ್ರೆ ಭಾನುವಾರ ಡೈರೆಕ್ಟ್ರು ದೊಡ್ಡ ಸಭೇಲಿ ಅದನ್ನೇ ಹೇಳ್ತಾರೆ."

"ಹಂಗಾದ್ರೆ ಶನಿವಾರದೊಳಗೆ ನೀನು ಹೇಳು. ಮರ್ಯಾದೆ ಹೇಗೂ ಹೋಗುತ್ತೆ, ಊಟ ಯಾಕೆ ಜೊತೇಲಿ ಕಳಿಸ್ತೀಯ?"

ನಿನ್ನೆ ದವಡೆ ಎತ್ತಿಕೊಂಡು ಹೋಗಿ ಹೇಳಿದರು. ಡೈರೆಕ್ಟರು ಹಲ್ಲನ್ನು ಗುಳಿಗೆ ಇಟ್ಟರು, ತೆಗೆದರು, ತಿರುಗಿಸಿ ಇಟ್ಟರು. ಬೇರೆ ಹೇಗೂ ಅದು ಕೂರಲಿಲ್ಲ.

"ಅಕ್ಕ, ನಿಮಗೆ ಗ್ಯಾರಂಟಿನಾ?"

"ತಪ್ಪು ನಂದೇ ಸಾರ್. ಅದೊಂದು ಗ್ಯಾರಂಟಿ. ಮಿಕ್ಕಿದ್ದು ಕೊನೇ ಹಲ್ಲು ಕೊರೆದ್ರೆ ಗೊತ್ತಾಗುತ್ತೆ."

"ಗೋಡೆ ಚಿತ್ರಕ್ಕೆ ಏನ್ ಮಾಡೋಣ?" ಎಂದರಂತೆ ಡೈರೆಕ್ಟರು. ಬಯ್ದಿದ್ದರೆ ವಾಸಿಯಿತ್ತು ಎನ್ನುತ್ತಾರೆ ಹಲ್ಲಕ್ಕ.

ಇಂದು ಬೆಳಗಿನಿಂದ ಅವರು ಕೊರೆಯುತ್ತಿರುವುದು ಅದೇ ದವಡೆಯ ಕೊನೆಯ ಹಲ್ಲು, ಕರು ಹಾಲು ಬಿಟ್ಟು ಹುಲ್ಲು ನೀರಿಗೆ ಬಂದಮೇಲೆ ಬೆಳೆದದ್ದು. ಪುಡಿ ಮೇಲಿನ ಮಹಡಿಯ ಯಂತ್ರಕ್ಕೆ ಹೋಗುತ್ತದೆ. ಸಂಜೆ ಉತ್ತರ ಬರುತ್ತದೆ: ಸಾಧಾರಣ ಬೇಸಿಗೆ. ಮರದ ನೆರಳಿಗೆ ಹೋಗಿ ನಿಂತರೆ ಸಾಕಾಗುವಂಥದ್ದು. ಡೈರೆಕ್ಟರು ತಮ್ಮ ಭಾಷಣ ಮಡಚಿ ಜೇಬಿಗೆ ಇಟ್ಟುಕೊಂಡು, ಭಾನುವಾರ ನಮ್ಮಿಂದಾದ ತಪ್ಪನ್ನೇ ಒಪ್ಪಿ ಹೇಳುತ್ತೇನೆ ಎಂದು ಹೊರಡುತ್ತಾರೆ.

ಫೋಟೋ ತೆಗೆಯಲು ಬಂದವರಿಗೆ ಹಲ್ಲಕ್ಕ ಬೆನ್ನು ತಿರುಗಿಸಿ ಕೂರುತ್ತಾರೆ.

"ನನ್ನ ಮುಖ ಬೇಡಪ್ಪ, ನಾಚಿಕೆಯಾಗುತ್ತೆ. ಆ ಕರುವಿನ ಹಲ್ಲಿಂದು ಹಾಕಿ. ಕೆಳಗೆ ಬರೀರಿ, ಆವತ್ತು ಇಲ್ಲಿ ಬೆಂಕಿ ಬಿದ್ದಿರ್ಲಿಲ್ಲ, ಒಂದು ಕರು ಹೊಟ್ಟೆ ತುಂಬ ಹಾಲು ಕುಡೀತಿತ್ತು ಅಂತ. ಅದು ಸರಿಯಾಗೇ ಹೇಳಿತ್ತು. ತಪ್ಪಾಗಿ ಕೇಳಿಸ್ಕೊಂಡೋಳು ನಾನು."