ಮಿಲ್ಲಿನ ಹಿಟ್ಟಿನ ಮುದ್ದೆ

ಮದ್ದೂರಿನ ಹತ್ತಿರದ ಹಳ್ಳಿಗೆ ನಾನು ಕಿರಿಸೊಸೆಯಾಗಿ ಬಂದಾಗ, ಹಿರಿಸೊಸೆಯಾಗಿದ್ದ ನನ್ನ ಓರಗಿತ್ತಿ ಸೋಬಾನೆಗೆ ಹೆಸರಾದವಳು. ಮಳವಳ್ಳಿ ಕಡೆಯವರೂ ಗಾಡಿ ಕಟ್ಟಿಕೊಂಡು ಬಂದು ಅವಳನ್ನು ಮದುವೆಗೆ ಕರೆದೊಯ್ಯುತ್ತಿದ್ದರು. ಅವಳು ಸೊಲ್ಲು ಎತ್ತಿಕೊಟ್ಟರೆ ಮಿಕ್ಕ ಹೆಂಗಸರು ಹಿಂದೆ ಹಾಡಿದರಾಯಿತು. ನನಗೆ ಹಾಡು ಬಾರದು. ಮಾತು ಮಾತ್ರ ಬೇಕಾದಷ್ಟಿತ್ತು.

ನಾಲೆಯ ನೀರು ನಮ್ಮ ಹೊಲಗಳಿಗೆ ಬಂದ ವರ್ಷ ಭಾವ ಚಳಿಜ್ವರದಲ್ಲಿ ತೀರಿಕೊಂಡರು. ಗಂಡನಿಲ್ಲದವಳು ಹಸೆಯ ಮುಂದೆ ಸೋಬಾನೆ ಹೇಳುವಂತಿಲ್ಲ. ಬರಬೇಡ ಎಂದು ಯಾರೂ ಅನ್ನಲಿಲ್ಲ, ಕರೆಯಲಿಲ್ಲ, ಅಷ್ಟೆ. ಒಂದು ವರ್ಷ ಅವಳು ರಾಗಿಕಲ್ಲಿನ ಮುಂದೆಯೂ ತುಟಿ ಬಿಚ್ಚಲಿಲ್ಲ. ಎದುರಿಗೆ ಕೂತು ಗೂಟ ಹಿಡಿಯುತ್ತಿದ್ದ ನನಗೆ ಬರೀ ಕಲ್ಲಿನ ಗರಗರ ಕೇಳಿ ಕೇಳಿ ಅಳು ಬರುತ್ತಿತ್ತು.

ಒಂದು ಬೆಳಗಿನ ಜಾವ ಪಕ್ಕದ ಮನೆಯವಳು ಮೊರದ ತುಂಬ ರಾಗಿ ತಂದಳು.

"ನಮ್ಮ ಕಲ್ಲು ಸವೆದೋಗೈತೆ ಕಣಕ್ಕ, ಇಲ್ಲೇ ಬೀಸ್ಕೊಂಡು ಓಯ್ತೀನಿ."

ಶುದ್ಧ ಸುಳ್ಳು. ಓರಗಿತ್ತಿಯ ಎದುರು ಕೂತು ಅಣ್ಣ ತಂಗಿಯನ್ನು ತವರಿಗೆ ಕರೆಯಲು ಬರುವ ಪದವೊಂದನ್ನು ಬೇಕೆಂದೇ ಸಾಲು ಹಿಂದುಮುಂದು ಮಾಡಿ ಹಾಡಿದಳು. ಓರಗಿತ್ತಿ ಎಷ್ಟು ಹೊತ್ತು ತಡೆದಾಳು?

"ಅಣ್ಣ ಇನ್ನೂ ಬಾಗ್ಲಿಗೇ ಬಂದಿಲ್ಲ, ಈಗ್ಲೇ ಯಾಕಮ್ಮಿ ತಂಗೀನ ಅಳುಸ್ತೀಯ?" ಎಂದು ರೇಗಿ, ಮೊದಲಿಂದ ತಾನೇ ಹಾಡಿದಳು.

ಬೀಸುವ ಪದಕ್ಕೆ ಮುತ್ತೈದೆ, ವಿಧವೆ ಎಂಬ ಭೇದವಿಲ್ಲ. ಆಮೇಲೆ ನೋಡಿ, ಕೇರಿಯ ಕಲ್ಲುಗಳೆಲ್ಲ ಒಂದೊಂದಾಗಿ ಸವೆದುಹೋದವು! ಸರದಿ ಹಾಕಿಕೊಂಡು ಹೆಂಗಸರು ನಮ್ಮ ಮನೆಗೆ ಬಂದರು. ಮಾತು ಬಿಟ್ಟಿದ್ದ ಅತ್ತೆ ಸೊಸೆ ಒಂದೇ ಗೂಟ ಹಿಡಿದರು. ಕೂಸು ಕಳೆದುಕೊಂಡ ಒಬ್ಬಳು ಅಲ್ಲಿಯೇ ಮೊದಲ ಸಲ ಬಾಯಿಬಿಟ್ಟು ಅತ್ತಳು.

ಅಷ್ಟರಲ್ಲಿ ಮದ್ದೂರಿಗೆ ಹಿಟ್ಟಿನ ಮಿಲ್ಲು ಬಂತು. ಗಂಡಸರು ಮೂಟೆ ಕಟ್ಟಿದರು. ಹೆಂಗಸರದು ಒಂದೇ ಮಾತು: "ಮಿಲ್ಲಿನ ಇಟ್ಟಲ್ಲಿ ಮುದ್ದೆ ಕೂರಲ್ಲ." ಒಬ್ಬಳೂ ಮಾಡಿ ನೋಡಿರಲಿಲ್ಲ. ಮುದ್ದೆಯ ವಿಷಯದಲ್ಲಿ ಹೆಂಗಸಿಗೆ ಎದುರಾಡುವ ಗಂಡಸು ನಮ್ಮ ಕಡೆ ಹುಟ್ಟಿಲ್ಲವಾದ್ದರಿಂದ ಮೂಟೆಗಳು ಒಳಕ್ಕೆ ಹೋದವು.

ಮರುವರ್ಷ ಜ್ವರ ನನ್ನನ್ನೇ ಹಿಡಿಯಿತು. ಓರಗಿತ್ತಿ ನನ್ನ ಆರೈಕೆ ಬಿಟ್ಟು ಏಳಲಿಲ್ಲ, ಬೀಸುವವರಿಲ್ಲವೆಂದು ನನ್ನ ಗಂಡ ಮಿಲ್ಲಿನಲ್ಲಿ ಹಿಟ್ಟು ಮಾಡಿಸಿ ತಂದರು. ಜ್ವರ ಬಿಟ್ಟ ದಿನ ಆ ಹಿಟ್ಟಿನ ಮುದ್ದೆ ಉಣ್ಣುವಾಗ, ಎಷ್ಟೋ ದಿನದ ಮೇಲೆ ನಾಲಿಗೆಗೆ ರುಚಿ ಹತ್ತಿತ್ತು. ಜಗುಲಿಯಲ್ಲಿದ್ದ ಗಂಡಸರಿಗೆಲ್ಲ ಕೇಳುವಂತೆ ಅಂದುಬಿಟ್ಟೆ: "ಮುದ್ದೆ ಬೆಣ್ಣೆ ಆಗೈತೆ!"

ಬಡಿಸುತ್ತಿದ್ದ ಓರಗಿತ್ತಿ ಒಮ್ಮೆ ನನ್ನ ಮುಖ ನೋಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಸಂತೆಯ ದಿನ ಊರಿನ ರಾಗಿಯೆಲ್ಲ ಗಾಡಿ ಏರಿ ಮದ್ದೂರಿಗೆ ಹೋಯಿತು. ನಮ್ಮ ಮನೆಗೆ ಬರುವವರು ಕಡಿಮೆಯಾದರು, ಆಮೇಲೆ ನಿಂತೇಹೋದರು.

ಒಂದು ಬೆಳಗ್ಗೆ ಎದ್ದು ನೋಡಿದರೆ ಅವಳು ಬರಿಗಲ್ಲಿನ ಮುಂದೆ ಗೂಟ ಹಿಡಿದು ಕೂತಿದ್ದಳು. ನಾನೂ ಎದುರು ಕೂತೆ.

"ಒಂದು ಪದ ಯೇಳಕ್ಕ" ಅಂದೆ.

"ಮಡಕೆ ತುಂಬ ಇಟ್ಟೈತೆ, ಇನ್ನೇನು ಬೀಸ್ಲಿ? ಬೀಸ್ದೆ ಪದ ಯೇಳುದ್ರೆ, ಗಂಡ ಸತ್ತೋಳು ಸುಮ್ಸುಮ್ನೆ ಯೇಳ್ತಾವ್ಳೆ ಅಂತಾರೆ ಕಣಮ್ಮಿ."

ಅವತ್ತಿನಿಂದ ನಾನು ಮಿಲ್ಲಿನ ಹಿಟ್ಟು ಹೊಟ್ಟೆನೋವು ತರುತ್ತದೆ ಎಂದು ಮನೆಮನೆಗೂ ಹೋಗಿ ಹೇಳಿದೆ. ಎಲ್ಲರೂ ನಕ್ಕರು. ಅವಳು ಸಾಯುವವರೆಗೂ ಹೇಳುತ್ತಲೇ ಇದ್ದೆ.