ವಿಷ ಹಾಕದ ಗಂಜಿ

ಗಂಜಿ ಕುದಿಯುವ ವಾಸನೆ ಬಂದರೆ ನನಗೆ ಈಗಲೂ ಗಿಟಾರು ಕೇಳಿಸುತ್ತದೆ. ಹತ್ತಿ ಸೀರೆಗೆ ಹಾಕಲೆಂದು ಒಲೆಯ ಮೇಲೆ ತೆಳ್ಳಗೆ ಗಂಜಿ ಇಟ್ಟು ಕೈಯಾಡಿಸುತ್ತ ನಿಂತಿರುತ್ತೇನೆ. ಆ ಹುಳಿಮಿಶ್ರಿತ ಬಿಸಿ ವಾಸನೆ ಮೂಗಿಗೆ ಬಡಿಯುತ್ತಲೇ ಬನಹಟ್ಟಿಯ ನಮ್ಮ ಮನೆಯ ಪಡಸಾಲೆ, ಅಲ್ಲಿ ತೊಡೆಯ ಮೇಲೆ ಗಿಟಾರನ್ನು ಅಡ್ಡ ಇಟ್ಟುಕೊಂಡು ಕೂತ ನಮ್ಮ ದೊಡ್ಡಪ್ಪ ಕಣ್ಣ ಮುಂದೆ ಬರುತ್ತಾನೆ. ಬಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಜಿಲ್ಲೆಯಾದ ಆಸುಪಾಸಿನ ದಿನಗಳು. ನಾನಿನ್ನೂ ಎರಡು ಜಡೆಯ ಹುಡುಗಿ. ಮನೆಯಲ್ಲಿ ಎರಡು ಕರೆಂಟಿನ ಮಗ್ಗ, ಒಂದು ಕೈಮಗ್ಗ. ಬೆಳಗಾದರೆ ಖಟಾಖಟ್ ಶುರು, ಮಾತಾಡಬೇಕೆಂದರೆ ಕೂಗಬೇಕು. ಅಮಾವಾಸ್ಯೆಗೆ ಮಾತ್ರ ನಮ್ಮ ಓಣಿಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಅವತ್ತು ಕರೆಂಟೂ ಜೋರಾಗಿ ಬರುತ್ತಿತ್ತು. ದೊಡ್ಡಪ್ಪ ಗಿಟಾರು ತೆಗೆಯುತ್ತಿದ್ದುದು ಅವತ್ತೇ.

ನಮ್ಮದು ಸಂಶಯದ ಮನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನೂಲು ತೂಕದ ಮೇಲೆ ಬರುತ್ತಿತ್ತು. ವ್ಯಾಪಾರಿ ಅದಕ್ಕೆ ನೀರು ಚಿಮುಕಿಸಿ ತೂಕ ಏರಿಸಿದ್ದಾನೋ ಏನೋ ಎಂದು ಆಯಿ, ಅಂದರೆ ನಮ್ಮಜ್ಜಿ, ಒಂದೊಂದು ಲಡಿಯನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಅವಳಿಗೆ ಹಾಲಿನವನ ಮೇಲೆ ಸಂಶಯ, ಬಳೆಗಾರನ ಮೇಲೆ ಸಂಶಯ, ಹೊಗಳಿದವರ ಮೇಲಂತೂ ವಿಪರೀತ ಸಂಶಯ. “ಬೆಳ್ಳಗಿರೂದೆಲ್ಲಾ ಹಾಲಲ್ಲಬೇ,” ಎಂದು ನನಗೆ ದಿನಾ ಪಾಠ. ದೊಡ್ಡಪ್ಪ ಅವಳ ಮಗನೇ ತಾನೆ! ತನ್ನ ಕೊಡೆ, ಚಪ್ಪಲಿ, ಲಾಳಿ ಎಲ್ಲಕ್ಕೂ ದಬ್ಬಣದಿಂದ ಗೀರಿ ಗುರುತು ಮಾಡಿರುತ್ತಿದ್ದ. ನಾನೂ ಆ ಮನೆಯವಳೇ. ಇವತ್ತಿಗೂ ಕಾಯಿಪಲ್ಲೆಯವಳು ತಕ್ಕಡಿ ಎತ್ತಿದರೆ ನನ್ನ ಕಣ್ಣು ತಕ್ಕಡಿಯ ಅಡಿಗೇ ಹೋಗುತ್ತದೆ.

ದೊಡ್ಡಪ್ಪ ಮದುವೆ ಹಂಗಾಮಿನಲ್ಲಿ ಒಂದು ಆರ್ಕೆಸ್ಟ್ರಾ ಮೇಳದ ಜೊತೆ ಗಿಟಾರು ನುಡಿಸಲು ಹೋಗುತ್ತಿದ್ದ. ಅವನ ಆಂಪ್ಲಿಫೈಯರು ಹಳೆಯ ಕಾಲದ್ದು, ವಾಲ್ವಿನದು. ಮೀರಜಿನಲ್ಲಿ ಮುರಿದುಹೋದ ಯಾವುದೋ ಮೇಳದವರಿಂದ ತಂದದ್ದು. ನಾವೆಲ್ಲ ಅದನ್ನು ಪೆಟ್ಟಿಗೆ ಎಂದೇ ಕರೆಯುತ್ತಿದ್ದೆವು. ಗುಂಡಿ ತಿರುವಿದರೆ ತಕ್ಷಣ ಮಾತಾಡುವ ಜಾತಿಯಲ್ಲ ಅದು. ಒಳಗಿನ ಗಾಜಿನ ವಾಲ್ವುಗಳು ಒಲೆಯ ಕೆಂಡದ ಹಾಗೆ ನಿಧಾನಕ್ಕೆ ಕೆಂಪಾಗಬೇಕು, ಬಿಸಿ ಧೂಳಿನ ವಾಸನೆ ಹೊರಡಬೇಕು, ಆಮೇಲೆ ದನಿ. ದನಿ ಸಣ್ಣಗಿಟ್ಟರೆ ಅದು ಬರೀ ತಂತಿಯ ಸದ್ದು. ಗುಂಡಿಯನ್ನು ಅರ್ಧಕ್ಕಿಂತ ಒಂಚೂರು ಮುಂದೆ ತಂದರೆ ದನಿಯ ಅಂಚು ಸಣ್ಣಗೆ ಬಿರಿಯುತ್ತಿತ್ತು, ಅಳು ತಡೆದುಕೊಂಡು ಮಾತಾಡುವವರ ಗಂಟಲಿನ ಹಾಗೆ. ಅದಕ್ಕಿಂತ ಮುಂದೆ ಹೋದರೆ ಬರೀ ಕರ್ಕಶ. ಆ ಒಂದು ಜಾಗವನ್ನು ದೊಡ್ಡಪ್ಪ ಕಣ್ಣು ಮುಚ್ಚಿ ಹುಡುಕುತ್ತಿದ್ದ. ಅವನಿಗೆ ಈ ಲೋಕದಲ್ಲಿ ಸಂಶಯವಿಲ್ಲದೆ ನಂಬಿಕೆ ಇದ್ದದ್ದು ಆ ದನಿಯ ಮೇಲೆ, ಮತ್ತೆ ಅದನ್ನು ಕಾಪಾಡಿಕೊಂಡು ಬಂದ ಜಿನ್ನಪ್ಪ ಕಾಕಾನ ಮೇಲೆ.

ಜಿನ್ನಪ್ಪ ಕಾಕಾ ತೇರದಾಳದವನು, ಜೈನರವನು. ಅಲ್ಲಿ ಅವನದೊಂದು ರೇಡಿಯೊ ರಿಪೇರಿ ಅಂಗಡಿ. ಪ್ರತಿ ಅಮಾವಾಸ್ಯೆ ಮಧ್ಯಾಹ್ನ ಬಸ್ಸಿಳಿದು ಬರುತ್ತಿದ್ದ. ಪೆಟ್ಟಿಗೆಯ ಬೆನ್ನ ಹಲಗೆ ಬಿಚ್ಚಿ, ಧೂಳು ಊದಿ, ಒಳಗೆ ಇರುವೆಯೋ ಜಿರಳೆಯೋ ಸಿಕ್ಕರೆ ಕಾಗದದ ಮೇಲೆ ಹತ್ತಿಸಿಕೊಂಡು ಅಂಗಳಕ್ಕೆ ಬಿಟ್ಟು ಬರುತ್ತಿದ್ದ. ಆಮೇಲೆ ಕಂಬಕ್ಕೊರಗಿ ಗಿಟಾರು ಕೇಳುತ್ತಿದ್ದ. ಹೊತ್ತು ಮುಳುಗಿದ ಮೇಲೆ ಅವನು ಊಟ ಮಾಡುವವನಲ್ಲ. ದೊಡ್ಡವ್ವ ಉಳ್ಳಾಗಡ್ಡಿ, ಬಳ್ಳೊಳ್ಳಿ ಸೋಕಿಸದೆ ಬೇರೆ ಬೋಗುಣಿಯಲ್ಲಿ ಅವನ ಪಲ್ಯ ಮಾಡಿಟ್ಟು, ಬಾಗಿಲ ಬಿಸಿಲು ನೋಡಿ ಚಡಪಡಿಸುತ್ತಿದ್ದಳು. ಕಾಕಾ ಏಳಹೋದರೆ ದೊಡ್ಡಪ್ಪ ಬಿಡುತ್ತಿರಲಿಲ್ಲ. “ಇನ್ನಾ ಹೊತ್ತೈತೋ ಮಾರಾಯ, ಸಾವಕಾಶ ಉಣ್ಣಾಕಂತಿ. ಇದೊಂದು ಕೇಳು,” ಎನ್ನುತ್ತಿದ್ದ.

ಒಂದು ಸಲ ಮುಧೋಳದ ಮದುವೆ ಮುಗಿಸಿ ಬರುವಾಗ ದಾರಿಯಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದು, ಟೆಂಪೋದವನು ಗಕ್ಕನೆ ಬ್ರೇಕು ಹಾಕಿ, ಪೆಟ್ಟಿಗೆ ಉರುಳಿಬಿತ್ತು. ವಾಲ್ವುಗಳು ಹೇಗೋ ಉಳಿದವು. ಸ್ಪೀಕರಿನ ಕಾಗದದ ಕೋನು ಹರಿಯಿತು. ಬೇರೆ ಸ್ಪೀಕರು ಆರಿಸಲು ದೊಡ್ಡಪ್ಪ ತೇರದಾಳಕ್ಕೆ ಹೊರಟಾಗ ನಾನೂ ಬೆನ್ನು ಹತ್ತಿದೆ. ಕಾಕಾನ ಹೆಂಡತಿ ಪದ್ಮವ್ವನ ಕೈಯ ಬೇಸನ್ ಉಂಡಿ ನನ್ನ ಮುಖ್ಯ ಕೆಲಸ. ಅಂಗಡಿಯಲ್ಲಿ ಎರಡು ಸ್ಪೀಕರುಗಳಿದ್ದವು. ಒಂದು ಹೊಸದು, ಫಳಫಳ ಹೊಳೆಯುವ ಭಾರದ್ದು. ಇನ್ನೊಂದು ಹಳೆಯದು, ಹಗುರ, ಮುಚ್ಚಿಹೋದ ಟಾಕೀಸಿನದು. ದೊಡ್ಡಪ್ಪ ಎರಡನ್ನೂ ಎತ್ತಿ ತೂಗಿದ, ಕೋನಿನ ಕಾಗದವನ್ನು ಮೂಸಿದ, ಉಗುರಿನಿಂದ ಮೀಟಿದ.

“ತೂಕಾ ನೋಡಿ ತಗೊಳ್ಳಾಕ ಇದೇನ ನೂಲಲ್ಲೋ,” ಎಂದು ಕಾಕಾ ನಕ್ಕ. “ಮೊದಲು ಓಮ್, ಅಂದ್ರ ಕರೆಂಟ ತಡಿಯೂ ಅಳತಿ, ಕೂಡಬೇಕು. ಹಳೇದು ಎಷ್ಟಿತ್ತೋ ಇದೂ ಅಷ್ಟೇ ಇರಬೇಕು, ಇಲ್ಲಂದ್ರ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟ ಹೋಕ್ಕೈತಿ. ಎರಡೂ ಕೂಡತಾವು. ಆದ್ರ ಹೊಸಾ ಕೋನು ಭಾಳ ಬಿಗಿ. ದಿನಾ ನುಡಿಸಿ ನುಡಿಸಿ ಸಡಿಲಾಗಬೇಕು, ಅಲ್ಲೀತನಕ ನಿನ್ನ ದನಿ ಬರೂದಿಲ್ಲ. ಈ ಹಳೇದು ಪಳಗೇತಿ. ಇದನ್ನ ಒಯ್ಯಿ. ನಿಂದು ಇಲ್ಲೇ ಇರ್ಲಿ, ಮೀರಜಕ್ಕ ಕಳಿಸಿ ಹೊಸಾ ಕೋನು ಹಾಕಸ್ತೇನಿ.”

ದೊಡ್ಡಪ್ಪ ತಲೆಯಾಡಿಸಿದ. ಆದರೆ ಕಾಕಾ ಒಳಗೆ ಹೋದಾಗ ಚಕ್ಕನೆ ದಬ್ಬಣ ತೆಗೆದು ನಮ್ಮ ಹಳೆಯ ಸ್ಪೀಕರಿನ ತಗಡಿಗೆ ಒಂದು ಗುರುತು ಗೀರಿದ್ದನ್ನು ನಾನು ನೋಡಿದೆ. ಮನೆಗೆ ಬರುತ್ತಲೇ ಆಯಿಯ ಮೊದಲ ಪ್ರಶ್ನೆ: “ಹರದದ್ದನ್ನ ಅವ ಯಾಕ ಇಟಗೊಂಡ?” ದೊಡ್ಡಪ್ಪ ಕಾರಣ ಹೇಳಿದ. ಆಯಿ ಹೂಂಗುಟ್ಟಿದಳು. ಆ ಹೂಂ ಇದೆಯಲ್ಲ, ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಟಾಕೀಸಿನ ಸ್ಪೀಕರು ಚೆನ್ನಾಗಿಯೇ ಹಾಡಿತು. ದೊಡ್ಡಪ್ಪನಿಗೆ ಮಾತ್ರ ಸಮಾಧಾನವಿಲ್ಲ. “ಬಾಯಾಗ ಅನ್ನ ಇಟಗೊಂಡ ಹಾಡಿದಂಗ ಆಗತೈತಿ, ಭಾಳ ಮೆತ್ತಗೈತಿ,” ಎಂದು ಗೊಣಗುತ್ತಿದ್ದ. ಮೆತ್ತಗಾದದ್ದಕ್ಕೆ ನೇಕಾರರ ಮನೆಯಲ್ಲಿ ಒಂದೇ ಮದ್ದು: ಗಂಜಿ. ಮಗ್ಗದಲ್ಲಿ ಉದ್ದಕ್ಕೆ ಎಳೆಯುವ ಹಾಸಿನ ನೂಲು ಗಂಜಿ ಕುಡಿದರೆ ಬಿಗಿಯಾಗುತ್ತದೆ, ಕಾಗದ ಯಾಕಾಗಬಾರದು? ಅವನು ಪೆಟ್ಟಿಗೆಯ ಮುಂದಿನ ಅರಿವೆ ಬಿಚ್ಚಿದ. ಆಯಿ ಕೈಮಗ್ಗದ ಹಾಸಿನ ನೂಲಿಗೆ ಮಾಡುವಂತೆಯೇ ಗಂಜಿ ಕುದಿಸಿದಳು. ದೊಡ್ಡವ್ವ ರೂಢಿಯಂತೆ ಮೈಲುತುತ್ತದ ಡಬ್ಬಿ ತಂದಳು. ಆ ನೀಲಿ ಹರಳು ವಿಷ; ಗಂಜಿಗೆ ಹುಳಹುಪ್ಪಡಿ ಮುತ್ತದಿರಲೆಂದು ಒಂದು ಚಿಟಿಕೆ ಹಾಕುವುದು ನಮ್ಮಲ್ಲಿ ಪದ್ಧತಿ. ಆಯಿ ಅವಳ ಕೈ ಹಿಡಿದಳು. “ಹಾಡೂ ಪೆಟಗಿಗೆ ಯಾರರ ವಿಷಾ ಹಾಕ್ತಾರೇನು? ತಗದಿಡ ಆ ಕಡೆ!” ಎಂದು, ಗಂಜಿಗೆ ಅರಿಶಿನ ಮುಟ್ಟಿಸಿ ಕೊಟ್ಟಳು. ದೊಡ್ಡಪ್ಪ ಸಣ್ಣ ಕುಂಚದಿಂದ ಕೋನಿನ ಅಂಚಿಗೆ ಸುತ್ತಲೂ ಬಳಿದ. ಒಣಗಿದ ಮೇಲೆ ನುಡಿಸಿದರೆ, ಅಬ್ಬಾ, ದನಿ ಖಣಿ ಅಂದಿತು! ಮುಂದಿನ ಅಮಾವಾಸ್ಯೆ ಕಾಕಾ ಕೇಳಿ ಹುಬ್ಬೇರಿಸಿದ. ಗಂಜಿಯ ಸುದ್ದಿ ಯಾರೂ ಹೇಳಲಿಲ್ಲ. ಮನೆಯ ಗುಟ್ಟನ್ನು ಹೊರಗಿನವರಿಗೆ ಹೇಳುವ ಜನವೇ ನಾವು?

ಆಮೇಲೆ ಮಳೆಗಾಲ ಬಂತು, ಹಂಗಾಮಿಲ್ಲ. ಕಾಕಾನ ತಾಯಿ ಹಾಸಿಗೆ ಹಿಡಿದು ಅವನೂ ಕೆಲವು ಅಮಾವಾಸ್ಯೆ ಬರಲಿಲ್ಲ. ಪೆಟ್ಟಿಗೆ ಅಡುಗೆಮನೆಯ ಗೋಡೆಗೆ ಒರಗಿ ಕೂತಿತ್ತು. ಹಂಗಾಮು ಬಂದ ಮೇಲೆ ಮೊದಲ ಕಾರ್ಯಕ್ರಮ ಜಮಖಂಡಿಯಲ್ಲಿ, ದೊಡ್ಡ ಮದುವೆ. ನಾವೂ ಹೋಗಿದ್ದೆವು. ದೊಡ್ಡಪ್ಪ ಒಂದೇ ಒಂದು ತಂತಿ ಎಳೆದಿದ್ದ; ಪೆಟ್ಟಿಗೆ ಒಡೆದ ಮೊರದ ಹಾಗೆ ಪರಪರ ಎಂದಿತು. ಗುಂಡಿ ತಿರುವಿದರೆ ಇನ್ನೂ ಜೋರು ಪರಪರ. ಮುಂದೆ ಕೂತ ಪೋರರು ಹೋ ಎಂದು ಕೂಗಿದರು. ಯಾರೋ “ಮಗ್ಗಾ ತಂದಾನ್ರೆಪಾ!” ಎಂದರು. ಮಂಟಪದ ತುಂಬ ನಗು. ದೊಡ್ಡಪ್ಪ ಗಿಟಾರನ್ನು ಕೆಳಗಿಟ್ಟು, ವೇದಿಕೆಯ ಮೇಲೆ ಎಲ್ಲರೆದುರು ಸುಮ್ಮನೆ ಕೂತಿದ್ದ. ಅವನ ಆ ಮುಖ ನನಗೆ ಮರೆಯಲು ಆಗಿಲ್ಲ. ಅದೇ ಮಂಟಪದಲ್ಲಿ ಮೇಳದವನೊಬ್ಬ ದೊಡ್ಡಪ್ಪನ ಕಿವಿಯಲ್ಲಿ ಊದಿದ: ಜಮಖಂಡಿಯ ಇನ್ನೊಬ್ಬ ಗಿಟಾರಿನವನ ಪೆಟ್ಟಿಗೆ ಈಗ ಥೇಟ್ ನಿನ್ನದರ ಹಾಗೆ ಹಾಡುತ್ತದೆ, ಅವನೂ ತೇರದಾಳಕ್ಕೇ ಹೋಗುತ್ತಾನೆ.

ಮನೆಗೆ ಬಂದು ಮುಂದಿನ ಅರಿವೆ ಸರಿಸಿ ನೋಡಿದರೆ ಕೋನಿನ ಅಂಚು ತೂತು ತೂತು. “ಟಾಕೀಸಿನ ಹಳೇ ಕಾಗದಾ, ಉದರೇತಿ. ಗೊತ್ತಿದ್ದೇ ಕೊಟ್ಟಾನ,” ಎಂದ ದೊಡ್ಡಪ್ಪ. “ನಾ ಅವತ್ತೇ ಅಂದಿದ್ದಿಲ್ಲ?” ಎಂದಳು ಆಯಿ. ಅಪ್ಪ ಹಿಂದಿನ ಹಲಗೆ ಬಿಚ್ಚಿ ನೋಡೋಣ ಎಂದು ಕೈ ಹಾಕಿದರೆ ಆಯಿ ತಡೆದಳು. “ಮುಟ್ಟಬ್ಯಾಡ. ಅವ ಬಡದ ಸ್ಕ್ರೂ ಹಂಗೇ ಇರ್ಲಿ. ನಾಳೆ ಪಂಚರ ಮುಂದ ಸಾಕ್ಷಿಗೆ ಬೇಕಾಗತೈತಿ.” ಎಂಥ ಜಾಣತನ! ಆ ಹಲಗೆಯನ್ನು ಅವತ್ತೇ ಬಿಚ್ಚಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಮರುದಿನ ದೊಡ್ಡಪ್ಪ ತೇರದಾಳಕ್ಕೆ ಹೋದ. ಉಂಡಿಯ ಆಸೆಗೆ ನಾನೂ ಹೋದೆ.

“ನಮ್ಮ ಹಳೇ ಸ್ಪೀಕರ್ ಎಲ್ಲೈತಿ?” ಎಂದ, ಕೂಡ್ರುವ ಮೊದಲೇ.

“ಮೀರಜದಾಗ. ಇನ್ನಾ ಬಂದಿಲ್ಲ,” ಎಂದ ಕಾಕಾ. “ಯಾಕ, ಏನಾತು?”

“ಬಂದಿಲ್ಲೋ, ಮಾರಿಕೊಂಡಿಯೋ?”

ಕಾಕಾನ ಕೈಯಲ್ಲಿದ್ದ ರೇಡಿಯೊ ಹಾಗೇ ನಿಂತಿತು. ಅದನ್ನು ಮೇಜಿನ ಮೇಲಿಟ್ಟು, “ಪೆಟಗಿ ತಗೊಂಡ ಬಾ ಮಲ್ಲಪ್ಪಾ. ಬಿಚ್ಚಿ ನೋಡೂಣು. ಏನಾಗೇತಿ ಇಬ್ಬರಿಗೂ ತಿಳಿಯಲಿ,” ಎಂದ.

“ತರತೇನಿ ತಡಿ, ಒಳಗ ಇನ್ನೇನರ ಉಳದಿದ್ರ ಅದನ್ನೂ ಎತ್ತಾಕ ಬೇಕಲ್ಲ ನಿನಗ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಜಿನ್ನಪ್ಪ ಕಾಕಾ ಎದ್ದು ಒಳಗೆ ಹೋದ. ಉಂಡಿ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದ ಪದ್ಮವ್ವನೂ ಅಲ್ಲಿಂದಲೇ ಹಿಂದಕ್ಕೆ ಸರಿದಳು.

ಆಮೇಲೆ ಅಮಾವಾಸ್ಯೆಗಳು ಬಂದವು, ಕಾಕಾ ಬರಲಿಲ್ಲ. ಪಂಚರೂ ಕೂಡಲಿಲ್ಲ. ದೊಡ್ಡಪ್ಪ ಮೇಳ ಬಿಟ್ಟ. ಸಾಕ್ಷಿಗೆಂದು ಇಟ್ಟ ಪೆಟ್ಟಿಗೆಯ ಮೇಲೆ ದೊಡ್ಡವ್ವ ನೂಲು ಸುತ್ತಿದ ಕಂಡಿಕೆಯ ಬುಟ್ಟಿ ಇಡತೊಡಗಿದಳು. ಆಯಿ ತೀರಿಕೊಂಡಳು. ಕೈಮಗ್ಗ ಬಿಚ್ಚಿ ಅಟ್ಟಕ್ಕೆ ಸೇರಿತು. ಕರೆಂಟಿನ ಮಗ್ಗಗಳೂ ಒಂದಾದ ಮೇಲೊಂದು ಗುಜರಿಗೆ ಹೋದವು. ನಾನು ಮದುವೆಯಾಗಿ ಬೀಳಗಿಗೆ ಬಂದೆ. ಜಿನ್ನಪ್ಪ ಕಾಕಾ ತೀರಿದ ಸುದ್ದಿ ಬಂದ ದಿನ ದೊಡ್ಡಪ್ಪ ಬಸ್‌ಸ್ಟ್ಯಾಂಡಿನ ತನಕ ಹೋಗಿ ವಾಪಸು ಬಂದನಂತೆ.

ನಾನು ತವರಿಗೆ ಬಂದಿದ್ದ ಒಂದು ಅಮಾವಾಸ್ಯೆ ಮಧ್ಯಾಹ್ನ ಪದ್ಮವ್ವ ಬಂದಳು. ಮಗ್ಗ ನಿಲ್ಲುವ ದಿನ ನೋಡಿ ಬಂದಿದ್ದಳು, ಪಾಪ; ನಮ್ಮ ಮನೆಯಲ್ಲಿ ನಿಲ್ಲಿಸಲು ಮಗ್ಗವೇ ಉಳಿದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಚೀಲದಿಂದ ಒಂದು ಅರಿವೆಯ ಗಂಟು ತೆಗೆದು ಬಿಚ್ಚಿದಳು. ಸ್ಪೀಕರು. ದೊಡ್ಡಪ್ಪ ಅದನ್ನು ತೆಗೆದುಕೊಂಡು ಮೊದಲು ಮಾಡಿದ್ದೇನು ಗೊತ್ತೇ? ತಿರುವಿ ತನ್ನ ಗುರುತು ಹುಡುಕಿದ! ಗುರುತು ಅಲ್ಲಿಯೇ ಇತ್ತು.

“ನೀವು ಬಂದು ಹ್ವಾದ ತಿಂಗಳದಾಗೇ ಮೀರಜದಿಂದ ಬಂತ್ರಿ,” ಎಂದಳು ಪದ್ಮವ್ವ. “ಕೊಟ್ಟ ಬರ್ರಿ ಅಂದೆ. ‘ಅವನ ಸಿಟ್ಟ ಇಳೀಲಿ, ತಾನ ಬರತಾನ’ ಅಂದ್ರು. ಕೇಳಿದವರಿಗೆ ಯಾರಿಗೂ ಕೊಡಲಿಲ್ಲ. ಅಂಗಡ್ಯಾಗ ತಮ್ಮ ರೇಡಿಯೋಕ್ಕ ಇದನ್ನ ಜೋಡಿಸಿ ದಿನಾ ಹಚ್ಚತಿದ್ರು. ಕೋನು ಹೊಸಾದು ಬಿಗಿ ಐತಿ, ಮಲ್ಲಪ್ಪಗ ಸೇರೂದಿಲ್ಲ, ಅವ ಬರೂದ್ರಾಗ ಪಳಗಲಿ ಅಂತಿದ್ರು. ಕಡೀತನಕ ಹಚ್ಚಿದ್ರು.”

ದೊಡ್ಡಪ್ಪ ಎದ್ದ. ಬುಟ್ಟಿ ಇಳಿಸಿ, ಪೆಟ್ಟಿಗೆಯನ್ನು ಬೆಳಕಿಗೆಳೆದು, ಸಾಕ್ಷಿಯ ಸ್ಕ್ರೂಗಳನ್ನು ತಾನೇ ಬಿಚ್ಚಿದ. ಹಲಗೆ ತೆಗೆದರೆ ಒಳಗೆಲ್ಲ ಜಿರಳೆಯ ಹಿಕ್ಕೆ, ಖಾಲಿ ತತ್ತಿಚಿಪ್ಪುಗಳು. ಟಾಕೀಸಿನ ಸ್ಪೀಕರಿನ ಕೋನಿನ ನಡುಭಾಗ ಗಟ್ಟಿಯಾಗಿ ಹಾಗೇ ಇತ್ತು. ಅಂಚಿನಲ್ಲಿ, ಅವನ ಕುಂಚ ಎಲ್ಲೆಲ್ಲಿ ಆಡಿತ್ತೋ ಅಲ್ಲಲ್ಲಿ ಮಾತ್ರ, ಜಿರಳೆಗಳು ತಿಂದು ಹಾಕಿದ್ದವು. ದೊಡ್ಡಪ್ಪ ಬೆರಳಿನಿಂದ ಆ ಅಂಚನ್ನು ಸುತ್ತಲೂ ಸವರಿದ.

“ಗಂಜೀಗೆ ಮೈಲತುತ್ತ ಹಾಕಿದ್ದಿಲ್ಲೇನ?” ಎಂದು ಕೇಳಿದ.

“ಅತ್ತಿ ಬ್ಯಾಡ ಅಂದಿದ್ರು. ಹಾಡೂ ಪೆಟಗಿ ಅಂತ,” ಎಂದಳು ದೊಡ್ಡವ್ವ.

ಅವನು ಮಗುವಿನ ಹಾಗೆ ಅತ್ತುಬಿಟ್ಟ. ಅಪ್ಪ ಸ್ಪೀಕರು ಕೂಡಿಸಿ ತಂತಿ ಜೋಡಿಸಿದ. ವಾಲ್ವುಗಳು ಅಷ್ಟು ವರ್ಷದ ಮೇಲೂ ಕೆಂಪಾದವು, ಧೂಳು ಸುಡುವ ವಾಸನೆ ಎದ್ದಿತು. ದೊಡ್ಡಪ್ಪ ಗಿಟಾರು ತೊಡೆಗೇರಿಸಿ ಒಂದೇ ಒಂದು ತಂತಿ ಮೀಟಿ ಎಳೆದ. ದನಿ ಬಿಗಿ ಇರಲಿಲ್ಲ, ಮೆತ್ತಗೂ ಇರಲಿಲ್ಲ. ಅಂಚು ಅಳು ತಡೆದವರ ಗಂಟಲಿನಂತೆ ಸಣ್ಣಗೆ ಬಿರಿಯಿತು. ಅದೇ ದನಿ. ಇನ್ನೊಂದು ಸಲ ಎಳೆಯಲು ಅವನ ಕೈ ಬರಲಿಲ್ಲ. ಪೆಟ್ಟಿಗೆ ಆರಿಸಿದ.

ದೊಡ್ಡವ್ವ ಯಾರೂ ಹೇಳದೆಯೇ ಒಳಗೆ ಹೋಗಿ ರೊಟ್ಟಿಗೆ ಹಂಚು ಇಟ್ಟಿದ್ದಳು; ಉಳ್ಳಾಗಡ್ಡಿ ಸೋಕಿಸದ ಪಲ್ಯಕ್ಕೆಂದು ಆ ಬೇರೆ ಬೋಗುಣಿಯನ್ನು ಮೇಲಿನ ಹಲಗೆಯಿಂದ ಇಳಿಸಿ ತೊಳೆಯುವ ಸದ್ದು ಕೇಳಿತು. ಪದ್ಮವ್ವನನ್ನು ಕಾಕಾ ಕೂಡ್ರುತ್ತಿದ್ದ ಕಂಬದ ಹತ್ತಿರವೇ ಕೂಡಿಸಿದೆವು. ಅವಳು ಬಾಗಿಲ ಬಿಸಿಲಿನ ಕಡೆ ನೋಡುತ್ತ ಅವಸರದಲ್ಲಿ ರೊಟ್ಟಿ ಮುರಿಯುತ್ತಿದ್ದಳು. ಎದುರಿಗೆ ಕೂತ ದೊಡ್ಡಪ್ಪ ತಲೆ ಎತ್ತದೆ, “ಇನ್ನಾ ಹೊತ್ತೈತ್ರಿ ವೈನಿ, ಸಾವಕಾಶ ಉಣ್ರಿ,” ಎಂದ. ಬಿಸಿಲು ಆಗಲೇ ಹೊಸ್ತಿಲು ದಾಟಿ ಹೊರಗೆ ಹೋಗಿತ್ತು.