ಪರದೆ ತುಂಬಿಸುವ ಪ್ರಹ್ಲಾದಮಾಮಾ

ಟೀವಿಯ ಎರಡು ಬದಿಗೆ ಕಪ್ಪು ಪಟ್ಟಿ ಕಂಡರೆ ನಮ್ಮ ಪ್ರಹ್ಲಾದಮಾಮಾನಿಗೆ ಹೇಸಿಗೆ. ಆ ಪಟ್ಟಿ ಹೋಗಲೆಂದು ಅವನು ಮಾಡಿದ ವಿಡಿಯೋ ಕಂಡರೆ ನನಗೆ ಹೇಸಿಗೆ. "ತಾಟಿನಾಗ ಖಾಲಿ ಜಾಗಾ ಬಿಟ್ಟು ಬಡಸ್ತೀರೇನು? ಪರದೀನೂ ಹಂಗ, ತುಂಬಿರಬೇಕು!" ಎನ್ನುತ್ತಿದ್ದ.

ಅವ್ವನ ತಮ್ಮ ಅವನು. ದೇಹೂ ರೋಡಿನ ನೌಕರಿಯಿಂದ ನಿವೃತ್ತನಾದ ಮೇಲೆ ವಾಕಡದ ಫ್ಲ್ಯಾಟಿನಲ್ಲಿ ಕುಳಿತು ನೆಂಟರ ಮದುವೆ, ಮುಂಜಿವೆಯ ವಿಡಿಯೋಗಳನ್ನು ಕತ್ತರಿಸಿ ಹಂಚುವುದೇ ಕಸುಬಾಯಿತು. ಯಾರೂ ಕೇಳಿರಲಿಲ್ಲ. ಅವನು ಅಡ್ಡಕ್ಕೆ ಎಳೆದ ಎಳೆತಕ್ಕೆ ಒಣಕಲು ಭಟ್ಟರು ಪೈಲ್ವಾನರಾದರು, ಮದುಮಗಳ ಮುಖ ಉಬ್ಬಿದ ಪೂರಿಯಾಯಿತು. ಥೂ!

ಹಿಂಜವಾಡಿಯಲ್ಲಿ ನಾನು ಮಾಡುವ ಕೆಲಸವೂ ವಿಡಿಯೋದ್ದೇ. ತಲೆ ಚಚ್ಚಿಕೊಂಡು ಹೇಳಿದೆ: "ಮಾಮಾ, ಅಗಲ ಹಿಗ್ಗಿಸಿದ್ರ ಎತ್ತರಾನೂ ಅಷ್ಟ ಪಟ್ಟು ಹಿಗ್ಗಿಸಬೇಕು. ಕತ್ತರಿಸೋದಿದ್ರ ಅಳತೀಗೆ ಸರಿಸಂಖ್ಯೆ ಹಾಕು, ಬೆಸ ಬ್ಯಾಡ. ಹದಿನಾರರಿಂದ ಭಾಗ ಹೋದ್ರ ಇನ್ನೂ ಛಲೋ. ಒತ್ತಿ ಸಣ್ಣ ಮಾಡಿದ ವಿಡಿಯೋ ಚೌಕ ಚೌಕ ಜೋಡಿಸಿದ್ದಿರ್ತದ, ಚೌಕದ ನಡಕ ಕೊಯ್ಯಬ್ಯಾಡ."

ಮಾಮಾ ಏಳುನೂರಾ ಇಪ್ಪತ್ತೊಂದು ಎಂದು ಒತ್ತಿದ. "ಮುಯ್ಯಿ ಮಾಡೋವಾಗ ಐದನೂರಾ ಒಂದು ಕೊಡೂದಿಲ್ಲೇನು? ಸೊನ್ನೀಲೆ ಮುಗಿಸಬಾರದೋ, ಅಶುಭ!" ವಿಡಿಯೋದ ತುದಿಗೆ ಹಸಿರು ಗೆರೆಯೊಂದು ಬಂದು ಕುಳಿತಿತು. "ಸೀರಿ ಅಂಚಿನಂಗ ಛಂದ ಕಾಣ್ತದ" ಎಂದು ಅದನ್ನೂ ಹಂಚಿದ. ನೆಂಟರೆಲ್ಲ ಹೊಗಳಿದರು. ಅವರ ಕಣ್ಣಿಗಿಷ್ಟು!

ಅವನ ಮಗಳ ಕುಬಸದಲ್ಲಿ ಅವ್ವ ಹಾಡಿದ್ದಳು. ಕುರ್ಚಿಯ ಮೇಲೆ ಬಸುರಿ ಹುಡುಗಿ, ಕೆಳಗೆ ಜಮಖಾನೆಯ ಮೇಲೆ ಅವ್ವ. ಮಾಮಾ ಮೊಬೈಲನ್ನು ನೆಟ್ಟಗೆ ನಿಲ್ಲಿಸಿ ಹಿಡಿದು ತೆಗೆದಿದ್ದ. ಮುಂದೆ ಅವ್ವ ತೀರಿಕೊಂಡಳು. ಅವಳು ಹಾಡುವ ವಿಡಿಯೋ ನಮಗೆ ಉಳಿದದ್ದು ಅದೊಂದೇ. ಕೇಳಿದೆ, ಕಳಿಸಿದ. ಈ ಸಲ ಯಾರ ಮುಖವೂ ಉಬ್ಬಿರಲಿಲ್ಲ. ಟೀವಿಯ ಅಳತೆಗೆ ಮೇಲೆ ಕೆಳಗೆ ಕತ್ತರಿಸಿದ್ದ. ಪರದೆಯ ತುಂಬ ಹುಡುಗಿಯ ಮಡಿಲು, ಬಳೆಗಳು. ಅವ್ವನ ದನಿ ಇತ್ತು, ಅವ್ವ ಇರಲಿಲ್ಲ.

"ಮೊದಲಿಂದು ಎಲ್ಲದ ಮಾಮಾ?" ಫೋನ್ ಮಾಡಿ ಕೇಳಿದೆ.

"ಮೊಬೈಲ್ ತುಂಬಿತ್ತೋ, ಅಳಿಸಿಬಿಟ್ಟೆ. ಇದು ಅದಕಿಂತ ಛಲೋ ಅದ ಅಲ್ಲ?"

ಫೋನ್ ಇಟ್ಟೆ.

ಅವನನ್ನು ಕೊನೆಯ ಸಲ ನೋಡಿದ್ದು ಅವ್ವನ ವರ್ಷಾಂತಿಕಕ್ಕೆ. ಊಟವಾದ ಮೇಲೆ ಅದೇ ವಿಡಿಯೋ ಹಾಕು ಎಂದ. ಮನಸ್ಸಿಲ್ಲದ ಮನಸ್ಸಿನಿಂದ ಹಾಕಿದೆ. ಅವ್ವ ಹಾಡತೊಡಗಿದಳು. ಮಾಮಾ ಎದ್ದು ಹೋಗಿ ಟೀವಿಯ ಮುಂದೆ ಬಗ್ಗಿ, ಪರದೆಯ ಕೆಳಗಿನ ಬರಿ ಗೋಡೆಗೆ ಅಂಗೈ ಹಚ್ಚಿದ.

"ಅಕ್ಕ ಇಲ್ಲೇ ಕುಂತಿದ್ಳೋ" ಎಂದ.

ನನ್ನ ಹೇಸಿಗೆ ಇನ್ನೂ ಹೋಗಿರಲಿಲ್ಲ. ಆದರೆ ಹಾಡು ಮುಗಿದರೂ ಅವನು ಕೈ ತೆಗೆಯಲಿಲ್ಲ, ಅದಕ್ಕೆ ಮತ್ತೊಮ್ಮೆ ಹಾಕಿದೆ.